ಕಿವಿಗೆ ಮುಟ್ಟದ ಕೈ

ಶಂಕರಪುರದ ಮಲ್ಲಿಗೆಯ ಪರಿಮಳ ಬಂದರೆ ಉಳಿದವರಿಗೆ ಮದುವೆಯೋ ಪೂಜೆಯೋ ಯಾರದೋ ಜಡೆಯೋ ನೆನಪಾಗುತ್ತದೆ. ನನಗೆ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ನೆನಪಾಗುತ್ತದೆ. ಒಮ್ಮೆ ಇದನ್ನು ಹೆಂಡತಿಯ ಹತ್ತಿರ ಹೇಳಿದ್ದೆ. ಅವಳು ಮುಡಿದಿದ್ದ ಹೂವನ್ನು ಮುಟ್ಟಿ ನೋಡಿಕೊಂಡು ಒಳಗೆ ಹೋದಳು.

ಕಳೆದ ಶನಿವಾರ ಮತ್ತೆ ಹಾಗೇ ಆಯಿತು. ಅರ್ಧ ದಿನದ ಶಾಲೆ ಮುಗಿಸಿ ಕಾಪುವಿನಿಂದ ಬನ್ನಂಜೆಯ ಮನೆಗೆ ಹೊರಟಿದ್ದೆ. ಕಟಪಾಡಿಯಲ್ಲಿ ಹೂವಿನವನೊಬ್ಬ ಬಸ್ಸು ಹತ್ತಿದ. ಕಾಲಿಡಲು ಜಾಗವಿರಲಿಲ್ಲ. ಬಾಳೆಲೆಯಲ್ಲಿ ಸುತ್ತಿದ ಕಟ್ಟೊಂದನ್ನು ನನ್ನ ತೊಡೆಯ ಮೇಲಿಟ್ಟು, "ಉಡುಪಿವರೆಗೆ ಸ್ವಲ್ಪ ಹಿಡ್ಕೊಳ್ಳಿ ಮಾಸ್ಟ್ರೆ" ಎಂದ. ನಾನು ಮಾಸ್ಟ್ರೆಂದು ಅವನಿಗೆ ಹೇಗೆ ಗೊತ್ತಾಯಿತೋ. ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತವರೆಲ್ಲ ಮಾಸ್ಟ್ರೇ ಆಗಿರಬೇಕು. ಬಾಳೆಲೆಯ ನೀರು ಪ್ಯಾಂಟಿಗೆ ಇಳಿಯಿತು, ಪರಿಮಳ ಮೂಗಿಗೆ ಏರಿತು. ಉದ್ಯಾವರದ ಸೇತುವೆ ದಾಟುವಷ್ಟರಲ್ಲಿ ನಾನು ಎಂಟು ವರ್ಷ ಹಿಂದಿನ ಮಳೆಗಾಲಕ್ಕೆ ಹೋಗಿಯಾಗಿತ್ತು.

ಆಗ ನನಗೆ ನಲವತ್ತನಾಲ್ಕು. ಕಾಪು ಪೇಟೆಯಿಂದ ತುಸು ಒಳಗಿನ ಒಂದು ಅನುದಾನಿತ ಶಾಲೆಯಲ್ಲಿ ಗಣಿತದ ಮಾಸ್ಟ್ರು. ಹೆಡ್‌ಮಾಸ್ಟ್ರು ಮರುವರ್ಷ ನಿವೃತ್ತರಾಗುವವರಿದ್ದರು. ಮುಂದೆ ನೀವೇ ಎಂದು ಆಡಳಿತ ಮಂಡಳಿಯವರು ನನಗೆ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಸಿಹಿ ಹಂಚುತ್ತಿದ್ದರು. ನನಗೆ ಎರಡು ದಿನ ಊಟ ಸೇರಲಿಲ್ಲ. ನಾನು ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್‌ಸ್ಟಾಪಿನವರೆಗೆ ಹೋಗಿ, ನಾಲ್ಕನೆಯ ಸಲ ಎಳೆಯಲಿಕ್ಕೆಂದು ಹಿಂದೆ ಬರುವ ಪೈಕಿಯವನು. ಇಂಥವನ ಕೈಗೆ ಆರುನೂರು ಮಕ್ಕಳ ಶಾಲೆ.

ಮಣಿಪಾಲದಲ್ಲಿ ಶಾಲಾ ಆಡಳಿತದ ಬಗ್ಗೆ ಒಂದು ವರ್ಷದ ಡಿಪ್ಲೊಮಾ ಇತ್ತು. ಭಾನುವಾರ ಮಾತ್ರ ಕ್ಲಾಸು. ಅದರಲ್ಲಿ ಶಿಕ್ಷಣದ ಕಾನೂನು ಎಂಬ ಒಂದು ಪೇಪರೂ ಇದೆ ಎಂದು ತಿಳಿದ ಕೂಡಲೇ ಸೇರಿಬಿಟ್ಟೆ. ಕಾನೂನು ಗೊತ್ತಿದ್ದರೆ ಹೆದರಿಕೆ ಕಡಿಮೆಯಾದೀತು ಎಂಬುದು ನನ್ನ ಲೆಕ್ಕ. ಗಣಿತದ ಮಾಸ್ಟ್ರ ಲೆಕ್ಕವೂ ತಪ್ಪುವುದುಂಟು. ಅಲ್ಲಿಯವರೆಗೆ ನನ್ನ ಭಯಗಳಿಗೆ ಹೆಸರಿರಲಿಲ್ಲ. ಮಣಿಪಾಲದಲ್ಲಿ ಅವಕ್ಕೆ ಸೆಕ್ಷನ್ ನಂಬರು ಸಿಕ್ಕಿತು.

ಭಾನುವಾರ ಕಲಿತದ್ದು ಸೋಮವಾರ ಶಾಲೆಯಲ್ಲಿ ಕಾಣುತ್ತಿತ್ತು. ಗಾಲಿಕುರ್ಚಿಯ ಇಳಿಜಾರು ದಾರಿಯ ಪಾಠವಾದ ಮರುದಿನ, ಬೋರ್ಡಿನ ದೊಡ್ಡ ಕೋನಮಾಪಕ ಹಿಡಿದು ನಮ್ಮ ಜಗಲಿಯ ಮುಂದೆ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಏಳನೇ ಕ್ಲಾಸಿನ ಮಕ್ಕಳು ಕಿಟಕಿಯಿಂದ ನೋಡಿದರು. ದೈಹಿಕ ಶಿಕ್ಷೆಯ ಪಾಠವಾದ ಮರುದಿನ, ಸ್ಟಾಫ್ ರೂಮಿನ ಮೂಲೆಯಲ್ಲಿ ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಹಳೆಯ ಬೆತ್ತವನ್ನು ಪೇಪರಿನಲ್ಲಿ ಸುತ್ತಿ ಕಳ್ಳನಂತೆ ಮನೆಗೆ ತಂದೆ. ಹೆಂಡತಿ ಅದನ್ನು ಅಲಸಂಡೆ ಬಳ್ಳಿಗೆ ಆಸರೆ ಕೊಟ್ಟಳು. ಆ ವರ್ಷ ಅಲಸಂಡೆ ಚೆನ್ನಾಗಿ ಬಂತು.

ಇಷ್ಟೆಲ್ಲ ಜಾಗ್ರತೆಯವನು ಜೂನಿನ ಮೊದಲ ವಾರದಲ್ಲಿ ಮಾಡಿದ್ದೇನೆಂದು ಈಗ ಹೇಳಬೇಕು.

ಹೆಡ್‌ಮಾಸ್ಟ್ರು ಮೊಣಕಾಲಿನ ಆಪರೇಷನ್ನಿಗೆಂದು ಎರಡು ತಿಂಗಳು ರಜೆ ಹಾಕಿದ್ದರು. ಪ್ರಭಾರ ನನ್ನದು. ಅವರ ಕುರ್ಚಿಯಲ್ಲಿ ಕೂರಲು ಧೈರ್ಯ ಸಾಲದೆ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೇಜಿನ ತುದಿಯಲ್ಲಿ ಬರೆಯುತ್ತಿದ್ದೆ. ಹೊರಗೆ ಜಡಿಮಳೆ. ಹೆಂಗಸೊಬ್ಬರು ಬಾಗಿಲಿಗೆ ಬಂದರು. ಜೊತೆಗೆ ಹತ್ತು ವರ್ಷದ ಒಬ್ಬಳು ಹುಡುಗಿ. ಮಡಚಿದ ಕೊಡೆಯಿಂದ ನೀರು ಕೋಣೆಯೊಳಗೆ ಹರಿದು ಬರುತ್ತಿತ್ತು. ಯಾರಾದರೂ ಜಾರಿ ಬಿದ್ದರೆ ಹೊಣೆ ಯಾರದ್ದು ಎಂದು ನಾನು ಆ ನೀರನ್ನೇ ನೋಡುತ್ತಿದ್ದೆ. ರತ್ನಾಗಿರಿಯಿಂದ ಬಂದಿದ್ದೇವೆ, ಮಗಳನ್ನು ಐದನೇ ಕ್ಲಾಸಿಗೆ ಸೇರಿಸಬೇಕು ಎಂದರು. ಟಿಸಿ ಉಂಟಾ ಎಂದು ಕೇಳಿದೆ. ಇಲ್ಲವೆಂದು ಹೇಳಿ, ಮುಂದೆ ಏನೋ ವಿವರಿಸಲು ಹೊರಟರು.

"ಟಿಸಿ ತನ್ನಿ, ಮತ್ತೆ ನೋಡುವ" ಎಂದೆ.

ಹುಡುಗಿ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ಗೋಡೆಯ ಮಗ್ಗಿಯ ಪಟ ನೋಡುತ್ತಿದ್ದಳು. ತಾಯಿ ಅವಳ ಭುಜ ಮುಟ್ಟಿದರು. ಇಬ್ಬರೂ ಹೋದರು. ಎಲ್ಲ ಸೇರಿ ಎರಡು ನಿಮಿಷ. ನನಗೋ ದೊಡ್ಡ ಸಮಾಧಾನ. ಪ್ರಭಾರ ವಹಿಸಿಕೊಂಡ ಮೇಲೆ ಯಾರೂ ಬೆರಳು ತೋರಿಸಲಾಗದ ಹಾಗೆ ಮಾಡಿದ ಮೊದಲ ಕೆಲಸ ಅದೆಂದು ಅಂದುಕೊಂಡೆ. ನೆಲ ಒರೆಸಲು ಹೇಳಿದೆ.

ಜುಲೈ ನಡುವಿನ ಒಂದು ಭಾನುವಾರ. ಮಣಿಪಾಲದ ಮಳೆಗೆ ದಿಕ್ಕು ಎಂಬುದಿಲ್ಲ, ಗುಡ್ಡದ ಮೇಲೆ ಎಲ್ಲ ಕಡೆಯಿಂದಲೂ ಹೊಡೆಯುತ್ತದೆ. ಕ್ಲಾಸಿನ ಹೊರಗೆ ಕೊಡೆಗಳೆಲ್ಲ ಬಿಡಿಸಿಕೊಂಡು ಮಕಾಡೆ ಬಿದ್ದಿದ್ದವು. ಕಾನೂನಿನ ಪಾಠಕ್ಕೆ ಬರುತ್ತಿದ್ದವರು ವಾರಿಜಾ ಮೇಡಂ. ಬಹಳ ವರ್ಷ ವಕೀಲಿ ಮಾಡಿದವರು, ಎಪ್ಪತ್ತರ ಹತ್ತಿರದ ಪ್ರಾಯ. ಪುಸ್ತಕ ತೆರೆಯುವ ಮೊದಲು ಪ್ರಶ್ನೆ ಕೇಳುವುದು ಅವರ ಕ್ರಮ.

"ನೀವು ಹೆಡ್‌ಮಾಸ್ಟ್ರು. ಒಬ್ಬರು ತಾಯಿ ಮಗುವನ್ನು ಕರ್ಕೊಂಡು ಬರ್ತಾರೆ. ಟಿಸಿ ಇಲ್ಲ. ಎಂತ ಮಾಡ್ತೀರಿ?"

ಅಷ್ಟು ಭಾನುವಾರಗಳಲ್ಲಿ ನಾನು ಕೈ ಎತ್ತಿದವನಲ್ಲ. ಆ ದಿನ ಎತ್ತಿದೆ. ಸ್ವಾನುಭವದ ವಿಷಯ ನೋಡಿ.

"ಟಿಸಿ ತನ್ನಿ ಅಂತ ಹೇಳಿ ಕಳಿಸ್ತೇನೆ ಮೇಡಂ."

"ಕಳಿಸಿದ್ರಿ. ಈಗ ಕಾನೂನು ಮುರಿದದ್ದು ಯಾರು? ಆ ತಾಯಿಯಾ, ನೀವಾ?"

ಕ್ಲಾಸು ನಕ್ಕಿತು. ಮೇಡಂ ಪುಸ್ತಕ ತೆರೆದು ಐದನೇ ಸೆಕ್ಷನ್ ತೋರಿಸಿದರು. ಎಂಟನೇ ಕ್ಲಾಸಿನವರೆಗಿನ ಮಗು ಟಿಸಿ ತರುವುದು ತಡವಾಯಿತೆಂದು ಸೇರಿಸಿಕೊಳ್ಳುವುದನ್ನು ತಡಮಾಡುವ ಹಾಗಿಲ್ಲ, ಇಲ್ಲವೆನ್ನುವ ಹಾಗಂತೂ ಇಲ್ಲವೇ ಇಲ್ಲ. ಪ್ರಾಯಕ್ಕೆ ದಾಖಲೆ ಇಲ್ಲವೆಂದೂ ಬಾಗಿಲು ಹಾಕುವ ಹಾಗಿಲ್ಲ. ನನ್ನಂಥ ಅನುದಾನಿತ ಶಾಲೆಯವರು ಚೆನ್ನಾಗಿ ಕೇಳಿಸಿಕೊಳ್ಳಬೇಕು ಎಂದರು. ನಾನು ಕೇಳಿಸಿಕೊಳ್ಳುತ್ತಿದ್ದೆ. ಬೆನ್ನಿನಲ್ಲಿ ಬೆವರು ಇಳಿಯುವುದೂ ಕೇಳಿಸುತ್ತಿತ್ತು.

ಈಗ ಸತ್ಯ ಹೇಳಿಬಿಡುತ್ತೇನೆ. ನನಗೆ ಮೊದಲು ಬಂದ ಯೋಚನೆ, ಇದು ಮೇಲಿನವರಿಗೆ ಗೊತ್ತಾದರೆ ನನ್ನ ಬಡ್ತಿ ಏನಾದೀತು ಎಂದು. ಎರಡನೆಯದು, ಆ ಹೆಂಗಸು ದೂರು ಕೊಟ್ಟಾರಾ ಎಂದು. ಮೂರನೆಯದು ಬರುವ ಮೊದಲೇ ಮೇಡಂ ಪುಸ್ತಕ ಮುಚ್ಚಿ ನನ್ನನ್ನೇ ನೋಡಿ ಕೇಳಿದರು.

"ಸರಿ, ಕಾನೂನು ಇರಲಿ. ನೀವು ಕಳಿಸಿದಿರಲ್ಲ, ಆ ಮಗು ಈಗ ಎಲ್ಲುಂಟು?"

ಅವರು ಕೇಳಿದ್ದು ಕಲ್ಪನೆಯ ಮಗುವಿನ ಬಗ್ಗೆ. ಎಲ್ಲರೂ ಮತ್ತೊಮ್ಮೆ ನಕ್ಕರು. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಉಡುಪಿಯ ಬಸ್ಸು ಹತ್ತುವ ಬದಲು ಕಾರ್ಕಳದ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕನ ಮನೆ. ತಲೆ ಕೆಟ್ಟಾಗ ನಾನು ಹೋಗುವುದು ಅಲ್ಲಿಗೆ. ಅಕ್ಕ ಹಿಂದಿನ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಾನು ಎಲ್ಲ ಹೇಳಿದೆ, ಸೆಕ್ಷನ್ ಸಮೇತ. ಅವಳು ಕೆಲಸ ನಿಲ್ಲಿಸದೆ ಕೇಳಿ, ಕೊನೆಗೆ ತುಳುವಿನಲ್ಲಿ ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ:

"ನಿನಗೆ ಯಾವ ಟಿಸಿ ಇತ್ತು ಮಾರಾಯ? ನಿನ್ನ ಕೈ ಕಿವಿಗೇ ಮುಟ್ಲಿಲ್ಲ."

ಕೈ ಮತ್ತು ಕಿವಿಯ ವಿಷಯ ಇಂದಿನವರಿಗೆ ಹೇಳಬೇಕಾದೀತು. ಆಗೆಲ್ಲ ಶಾಲೆಗೆ ಸೇರುವ ಮಗುವಿನ ಪ್ರಾಯ ನೋಡುತ್ತಿದ್ದದ್ದು ಹಾಗೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಪ್ರಾಯವಾಗಿದೆ. ಮುಟ್ಟದಿದ್ದರೆ ಬರುವ ವರ್ಷ ಬಾ. ನನ್ನದು ಮುಟ್ಟಲಿಲ್ಲ ಎಂಬುದು ಮನೆಯಲ್ಲಿ ಹಳೆಯ ತಮಾಷೆ. ಆದರೆ ಅದರ ಹಿಂದಿನದ್ದನ್ನು ಅಕ್ಕ ಹೇಳಿದ್ದು ಆ ದಿನವೇ. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ನನ್ನನ್ನು ನೋಡಿಕೊಳ್ಳಲು ಅಕ್ಕ ಎರಡನೇ ಕ್ಲಾಸಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲಿದ್ದಳು. ಹೆಡ್‌ಮಾಸ್ಟ್ರು ಮನೆಗೆ ಬಂದು ಕೇಳಿದರು. ತಮ್ಮನನ್ನೂ ಕರೆದುಕೊಂಡು ಬಾ ಎಂದರು. ಮರುದಿನ ಅಕ್ಕ ನನ್ನನ್ನು ಎಳೆದುಕೊಂಡು ಹೋದಳು. ಕೈ ಎತ್ತಿಸಿದರು. ಬೆರಳು ಕಿವಿಯಿಂದ ಎರಡಿಂಚು ಮೇಲೆ ನಿಂತಿತು. ಮಾಸ್ಟ್ರು ಕಿಟಕಿಯ ಹೊರಗೆ ನೋಡುತ್ತಾ, "ತಲೆ ಸ್ವಲ್ಪ ಬಗ್ಗಿಸು ಮಗಾ" ಎಂದರಂತೆ. ಬಗ್ಗಿಸಿದೆ. ಮುಟ್ಟಿತು. ಹುಟ್ಟಿದ ದಿನ ಜೂನ್ ಒಂದು ಎಂದು ಬರೆದುಕೊಂಡರು. ಆ ಕಾಲದಲ್ಲಿ ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೇ. ನಮ್ಮ ಸ್ಟಾಫ್ ರೂಮಿನಲ್ಲೇ ಒಂದು ಕೇಕಿನಲ್ಲಿ ಐದು ಜನರ ಹುಟ್ಟುಹಬ್ಬ ಮುಗಿಯುತ್ತದೆ.

"ನಿನ್ನನ್ನು ಸೇರಿಸಿಕೊಳ್ಳದಿದ್ದರೆ ನನ್ನ ಶಾಲೆ ಅಲ್ಲಿಗೇ ಮುಗೀತಿತ್ತು" ಎಂದಳು ಅಕ್ಕ. ನಾನು ಇಷ್ಟು ವರ್ಷ ನನ್ನ ಗಿಡ್ಡ ಕೈಯ ಕತೆ ಎಂದುಕೊಂಡಿದ್ದೆ. ಅದು ಅಕ್ಕನ ಓದಿನ ಕತೆಯಾಗಿತ್ತು.

ಸೋಮವಾರ ಬೆಳಿಗ್ಗೆ ದಾಖಲಾತಿ ರಿಜಿಸ್ಟರು ತೆರೆದು ಕೂತೆ. ಸೇರಿದವರೆಲ್ಲ ಇದ್ದರು. ವಾಪಸು ಕಳಿಸಿದವರಿಗೆ ಯಾವ ಶಾಲೆಯಲ್ಲೂ ರಿಜಿಸ್ಟರು ಇರುವುದಿಲ್ಲ. ಆ ಹುಡುಗಿಯ ಹೆಸರನ್ನು ಸಹ ನಾನು ಕೇಳಿರಲಿಲ್ಲ. ಒರೆಸಿದ ನೀರು ಮಾತ್ರ ಚೆನ್ನಾಗಿ ನೆನಪಿತ್ತು. ನಮ್ಮ ಕ್ಲರ್ಕು ಲಲಿತಕ್ಕನನ್ನು ಕರೆದು, ಹೀಗೆ ಹೀಗೆ, ರತ್ನಾಗಿರಿಯಿಂದ ಬಂದವರು, ನೆನಪುಂಟಾ ಎಂದೆ.

"ಪ್ರೇಮ ಅಲ್ವಾ? ತಾಯಿಮನೆ ಲೈಟ್‌ಹೌಸಿನ ಹತ್ತಿರ. ಗಂಡ ಬೋಟಿನಲ್ಲಿ. ಮಗಳು ಶ್ರಾವ್ಯ."

ನಿಮಗೆ ಇಷ್ಟೆಲ್ಲ ಗೊತ್ತಿದ್ದೂ ಆವತ್ತು ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ಕೇಳಿದೆ.

"ನೀವು ಕೇಳ್ಲಿಲ್ಲ ಸರ್. ಅವರಿಗೆ ಕೂತ್ಕೊಳ್ಳಿ ಅಂತ ಸಹ ಹೇಳ್ಲಿಲ್ಲ ನೀವು." ಇಷ್ಟು ಹೇಳಿ ಅವರು ಬೆರಳಚ್ಚಿನ ಕೆಲಸಕ್ಕೆ ಮರಳಿದರು.

ಸಂಜೆ ಲೈಟ್‌ಹೌಸಿನ ಕಡೆಗೆ ಹೋದೆ. ಕಡಲು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ ಅಬ್ಬರಿಸುತ್ತಿತ್ತು. ದೋಣಿಗಳೆಲ್ಲ ಮೇಲೆ ಬಂದು ತೆಂಗಿನ ಮಡಲು ಹೊದ್ದು ಮಲಗಿದ್ದವು. ಪ್ರೇಮಾರ ಅಣ್ಣ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದರು. ತಂಗಿಯೂ ಮಗಳೂ ಶಂಕರಪುರದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಾರೆ, ಮಲ್ಲಿಗೆ ಕಟ್ಟಲಿಕ್ಕೆ ಜನ ಬೇಕಾಗಿತ್ತು ಎಂದರು. ಹುಡುಗಿಯೂ ಕಟ್ಟುತ್ತಾಳಾ ಎಂದು ಕೇಳಿದೆ. ಶಾಲೆ ಇಲ್ಲವಲ್ಲ ಎಂದರು. ಅದರಲ್ಲಿ ಆಪಾದನೆ ಏನೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಹೂ ಕಟ್ಟುವುದು ಬೆಳಗಿನ ಕೆಲಸ, ಹತ್ತು ಗಂಟೆಯ ಹೊತ್ತಿಗೆ ಮುಗಿದು ಹೂವು ಹೊರಟುಹೋಗುತ್ತದೆ. ಅಂದರೆ ನಾನು ಶಾಲೆಯ ಹೊತ್ತಿನಲ್ಲೇ ಹೋಗಬೇಕು. ಅರ್ಧ ದಿನದ ರಜೆಗೆ ಅರ್ಜಿ ಬರೆದೆ. ಮಂಜೂರು ಮಾಡಬೇಕಾದವನೂ ನಾನೇ ಎಂದು ಆಮೇಲೆ ಹೊಳೆಯಿತು. ಕಾರಣ ಸರಿಯಾಗಿದೆಯಾ ಎಂದು ಎರಡು ಸಲ ಓದಿ, ಮಂಜೂರು ಮಾಡಿದೆ.

ಮಂಗಳವಾರ ಬೆಳಿಗ್ಗೆ ಆ ಮನೆಯ ಜಗಲಿಯಲ್ಲಿ ನಾಲ್ಕು ಜನ ಹೆಂಗಸರು ಕೂತಿದ್ದರು. ನಡುವೆ ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ. ಪರಿಮಳ ಅಂಗಳದ ಮಳೆಯಲ್ಲೂ ನಿಂತಿತ್ತು. ಶ್ರಾವ್ಯ ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ದೊಡ್ಡವರ ವೇಗದಲ್ಲಿ ಕಟ್ಟುತ್ತಿದ್ದಳು. ಆರು ವಾರದಲ್ಲಿ ಕಲಿತದ್ದು. ನನ್ನನ್ನು ನೋಡಿ ಪ್ರೇಮ ದಡಬಡಿಸಿ ಎದ್ದರು. ಮಗುವಿನಿಂದ ಕೆಲಸ ಮಾಡಿಸುತ್ತಿದ್ದೀರೆಂದು ಹಿಡಿಯಲು ಬಂದವನೆಂದು ತಿಳಿದಿರಬೇಕು.

"ಟಿಸಿಗೆ ಹೇಳಿದ್ದೇವೆ ಸರ್. ಅಲ್ಲಿಯವರು ಹೇಳುದು, ಹೊಸ ಶಾಲೆಯ ಕಾಗದ ತನ್ನಿ, ಟಿಸಿ ಕೊಡ್ತೇವೆ ಅಂತ. ನೀವು ಹೇಳುದು, ಟಿಸಿ ತನ್ನಿ, ಸೇರಿಸ್ಕೊಳ್ತೇವೆ ಅಂತ. ನಾನು ಎಂತ ಮಾಡುದು?"

ಅದನ್ನು ಆ ದಿನವೇ ಹೇಳಬಹುದಿತ್ತಲ್ಲ ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಮೂಲೆಯಲ್ಲಿದ್ದ ದೊಡ್ಡಮ್ಮ ಬೆರಳು ನಿಲ್ಲಿಸಲಿಲ್ಲ. "ಹೇಳ್ಲಿಕ್ಕೆ ಬಿಟ್ಟಿದ್ರಾ ಮಾಸ್ಟ್ರೆ?" ಎಂದರು.

ತಪ್ಪು ನನ್ನದು ಎಂಬ ಮಾತನ್ನು ನಾನು ಅದಕ್ಕೆ ಮೊದಲು ಎಲ್ಲೂ ಹೇಳಿರಲಿಲ್ಲ. ತಪ್ಪೇ ಆಗದ ಹಾಗೆ ಬದುಕಲು ನೋಡಿದವನಿಗೆ ಅದರ ಅಭ್ಯಾಸ ಇರುವುದಿಲ್ಲ. ಹೇಗೋ ಹೇಳಿದೆ. ಟಿಸಿ ಬೇಡ, ನಾಳೆಯೇ ಕಳಿಸಿ, ರತ್ನಾಗಿರಿಗೆ ನಾನೇ ಬರೆಯುತ್ತೇನೆ ಎಂದೆ. ಪ್ರೇಮ ದೊಡ್ಡಮ್ಮನ ಮುಖ ನೋಡಿದರು. ಒಂದೂವರೆ ತಿಂಗಳ ಪಾಠ ಹೋಗಿಯಾಯಿತು, ಬರುವ ವರ್ಷ ಸೇರಿಸುವ ಎಂದು ಮಾತಾಗಿತ್ತಂತೆ. ಬರುವ ವರ್ಷ ಎಂಬುದು ಎಂಥ ವರ್ಷವೆಂದು ಹಿಂದಿನ ಭಾನುವಾರವಷ್ಟೇ ನಾನು ಕಾರ್ಕಳದಲ್ಲಿ ಕೇಳಿ ಬಂದಿದ್ದೆ.

ಆಗ ಶ್ರಾವ್ಯಳೇ ತಲೆ ಎತ್ತದೆ ಹೇಳಿದಳು.

"ನಾನು ಬರುದಿಲ್ಲ. ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಅಲ್ಲಿ ಮರಾಠಿ ಇದ್ದದ್ದು. ಓದು ಅಂತ ಹೇಳಿ, ಓದ್ಲಿಕ್ಕೆ ಬರದಿದ್ರೆ ಪುನಃ ವಾಪಸ್ ಕಳಿಸ್ತೀರಿ."

ನನಗಿಂತ ಮುಂದೆ ಹೋಗಿ ಹೆದರುವವರೊಬ್ಬರನ್ನು ನಾನು ನೋಡಿದ್ದು ಅದೇ ಮೊದಲು. ಅಂಥವರಿಗೆ ಹೆದರಬೇಡ ಎಂದರೆ ಏನೂ ಪ್ರಯೋಜನವಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಮೆಟ್ಟಿಲ ಮೇಲೆ ಕೂತು ನನ್ನ ಕೈ ಕಿವಿಗೆ ಮುಟ್ಟದ ಕತೆ ಹೇಳಿದೆ. ಹೇಗೆ ಎಂದು ಅವಳು ಕೇಳಿದಳು. ಎದ್ದು ಮಾಡಿ ತೋರಿಸಿದೆ. ನಲವತ್ತನಾಲ್ಕರ ಭುಜ, ಬೋರ್ಡಿನಲ್ಲಿ ಬರೆದು ಬರೆದು ಹಿಡಿದುಕೊಂಡದ್ದು, ನಡುದಾರಿಯಲ್ಲಿ ನಿಂತಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ದೊಡ್ಡಮ್ಮನ ಬೆರಳು ಮೊದಲ ಬಾರಿಗೆ ನಿಂತಿತು.

"ಇವರಿಗೆ ಈಗಲೂ ಪ್ರಾಯ ಆಗ್ಲಿಲ್ಲ" ಎಂದರು.

ಶ್ರಾವ್ಯ ಹೆಬ್ಬೆರಳಿನಿಂದ ನಾರು ಬಿಡಿಸಿ ಎದ್ದು ನಿಂತಳು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಪೂರ್ತಿ ಹಿಡಿದಳು.

"ನನ್ನದು ಮುಟ್ತದೆ."

"ಹಾಗಾದ್ರೆ ಮುಗೀತು" ಎಂದೆ. "ನಿನ್ನ ಅಡ್ಮಿಶನ್ ಆಯ್ತು."

ಬುಧವಾರ ಅವಳು ಬರಲಿಲ್ಲ. ಆ ದಿನ ನಾನು ಗೇಟಿನವರೆಗೆ ಎಷ್ಟು ಸಲ ಹೋದೆನೆಂದು ಲಲಿತಕ್ಕ ಇಂದಿಗೂ ಹೇಳುತ್ತಾರೆ, ಪ್ರತಿ ಸಲ ಸಂಖ್ಯೆ ಜಾಸ್ತಿಯಾಗುತ್ತದೆ. ಗುರುವಾರ ಬಂದಳು, ಜಡೆಯಲ್ಲಿ ಒಂದು ಗೇಣು ಮಲ್ಲಿಗೆ, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಇನ್ನೊಂದು ಗೇಣು. ಅದು ಲಲಿತಕ್ಕನಿಗೆ. ಪ್ರೇಮಾರಿಗೆ ಕುರ್ಚಿ ಕೊಟ್ಟೆ. ರಿಜಿಸ್ಟರಿನಲ್ಲಿ ಟಿಸಿ ನಂಬರಿನ ಜಾಗದಲ್ಲಿ 'ಬರಬೇಕಾಗಿದೆ' ಎಂದು ಬರೆದೆ. ಆ ಅಕ್ಷರಗಳು ಈಗಲೂ ಸೊಟ್ಟಗಿವೆ. ಆಗಸ್ಟಿನಲ್ಲಿ ಕೋಲೂರಿಕೊಂಡು ಬಂದ ಹೆಡ್‌ಮಾಸ್ಟ್ರು ಅದನ್ನು ನೋಡಿ ಹುಬ್ಬು ಏರಿಸಿದರು. ನಾನು ನಿಂತಲ್ಲೇ ಐದನೇ ಸೆಕ್ಷನ್ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಇನ್ನು ಆ ಸ್ಟೂಲು ತೆಗೆಸಬಹುದಲ್ಲ ಎಂದಷ್ಟೇ ಹೇಳಿದರು.

ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮ ಶಾಲೆಯಲ್ಲಿ ವಿಶೇಷ ತರಬೇತಿ ಎಂದರೆ ಮಧ್ಯಾಹ್ನದ ಊಟದ ಮೇಲೆ ಆಫೀಸಿನಲ್ಲಿ ಲಲಿತಕ್ಕನ ಪಕ್ಕ ಕೂತು ಹಳೆಯ ಸುತ್ತೋಲೆಗಳನ್ನು ಜೋರಾಗಿ ಓದುವುದು. ಚೌತಿಯ ಹೊತ್ತಿಗೆ ಶ್ರಾವ್ಯ ಒತ್ತಕ್ಷರ ಹಿಡಿದಿದ್ದಳು. ನವರಾತ್ರಿಗೆ ಮೊದಲು ಇಲಾಖೆಯ ಭಾಷೆಯಲ್ಲಿ ಮಾತಾಡಲು ಶುರುಮಾಡಿದಳು. ಒಂದು ದಿನ ನೀರು ಕುಡಿಯಲು ಹೋಗುವ ಮೊದಲು ಬಾಗಿಲಲ್ಲಿ ನಿಂತು, ತಮ್ಮ ಅವಗಾಹನೆಗೆ ತರಲಾಗಿದೆ ಸರ್ ಎಂದಳು.

ಅಕ್ಟೋಬರಿನಲ್ಲಿ ಮಳೆ ಬಿಡುವ ಹೊತ್ತಿಗೆ ರತ್ನಾಗಿರಿಯಿಂದ ಅಂಚೆ ಬಂತು. ಟಿಸಿ. ನಾನೂ ಲಲಿತಕ್ಕನೂ ಲಕೋಟೆಯನ್ನು ಗೌರವದಿಂದ ಒಡೆದೆವು. ಕಾಗದ ಪೂರ್ತಿ ಮರಾಠಿಯಲ್ಲಿತ್ತು. ಯಾವ ಕಾಗದ ಇಲ್ಲವೆಂದು ನಾನೊಂದು ಮಗುವನ್ನು ಮಳೆಗೆ ವಾಪಸು ಕಳಿಸಿದ್ದೆನೋ, ಆ ಕಾಗದ ಅಂದೇ ತಂದುಕೊಟ್ಟಿದ್ದರೂ ನನಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಇಡೀ ಶಾಲೆಯಲ್ಲಿ ಅದನ್ನು ಓದಬಲ್ಲವಳು ಒಬ್ಬಳೇ. ಅವಳನ್ನು ಐದನೇ ಕ್ಲಾಸಿನಿಂದ ಕರೆಸಿದೆವು.

ಶ್ರಾವ್ಯ ಮೇಜಿನ ಮುಂದೆ ನಿಂತು, ತನ್ನ ಟಿಸಿಯನ್ನು ತಾನೇ ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ಲಲಿತಕ್ಕ ಬರೆದುಕೊಂಡರು. ಹೆಸರು, ತಾಯಿಯ ಹೆಸರು, ಬಿಟ್ಟ ಕಾರಣ. ನಡತೆ ಒಳ್ಳೆಯದು ಎಂಬುದನ್ನು ಎರಡು ಸಲ ಓದಿದಳು. ಹುಟ್ಟಿದ ದಿನದ ಹತ್ತಿರ ಬಂದಾಗ ನಿಂತಳು.

"ಜೂನ್ ಒಂದು ಅಂತ ಉಂಟು ಸರ್. ನಾನು ಹುಟ್ಟಿದ್ದು ನಾಗರಪಂಚಮಿಯ ಮರುದಿನ ಅಂತ ಹೇಳುದು ಅಮ್ಮ."

ಲಲಿತಕ್ಕ ಪೆನ್ನೆತ್ತಿ ನನ್ನ ಮುಖ ನೋಡಿದರು. ದೂರದ ಆ ಊರಿನ ಯಾವುದೋ ಮಾಸ್ಟ್ರು, ನಾನು ನೋಡದವರು, ಎರಡು ತಿಂಗಳು ಪ್ರಾಯ ಸಾಲದ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಕಿಟಕಿಯ ಹೊರಗೆ ನೋಡಿದ್ದು ನನಗೆ ಕಂಡ ಹಾಗಾಯಿತು.

"ನನ್ನದೂ ಜೂನ್ ಒಂದೇ" ಎಂದೆ. "ನಾನೂ ಆವತ್ತು ಹುಟ್ಟಿದವನಲ್ಲ."

ಇದಕ್ಕೆ ಕಾನೂನು ಏನು ಹೇಳುತ್ತದೆಂದು ಮುಂದಿನ ಭಾನುವಾರ ವಾರಿಜಾ ಮೇಡಂ ಅವರನ್ನು ಕೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಮಣಿಪಾಲಕ್ಕೆ ಹೋಗುವವರೆಗೂ ಚೀಟಿ ಕಿಸೆಯಲ್ಲಿತ್ತು. ಕೇಳಲಿಲ್ಲ. ನನ್ನ ಆಯುಷ್ಯದಲ್ಲಿ ನಾನು ಗೊತ್ತಿದ್ದೂ ಎಳೆದು ನೋಡದೆ ಬಿಟ್ಟ ಬೀಗ ಅದೊಂದೇ.

ಹತ್ತನೇ ಕ್ಲಾಸು ಮುಗಿಸಿ ಶ್ರಾವ್ಯ ಹೊರಟಾಗ ಹೆಡ್‌ಮಾಸ್ಟ್ರ ಕುರ್ಚಿಯಲ್ಲಿ ನಾನೇ ಇದ್ದೆ. ಅವಳು ಟಿಸಿಗೆ ಅರ್ಜಿ ಕೊಟ್ಟಳು. ಲಲಿತಕ್ಕ ಬರೆದು ತಂದರು, ನಾನು ಸಹಿ ಹಾಕಿದೆ. ಹುಟ್ಟಿದ ದಿನ ಜೂನ್ ಒಂದು. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಅವಳು ಕಾಗದವನ್ನು ಓದಿ ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ತಿರುಗಿ ನಿಂತು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿದು ನನಗೆ ತೋರಿಸಿ ಹೋದಳು.